ಕಾಯಿಲೆಯ ಹೆಸರಲ್ಲ, ಜೀನಿನ ಹೆಸರು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಕುಮಟಾ ಕಡೆಯ ಯುವತಿಯೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರದ ಬಗ್ಗೆ ಈ ಪತ್ರ. ಅವರಿಗೆ ತಲಸ್ಸೀಮಿಯಾ ಮೈನರ್ ಇದೆ, ಅಂದರೆ ರಕ್ತಹೀನತೆ ತರುವ ಒಂದು ಆನುವಂಶಿಕ ಕಾಯಿಲೆಯನ್ನು ಹೊತ್ತಿದ್ದಾರೆ, ತಾವು ರೋಗಿಯಲ್ಲ. ನೋಡಿಟ್ಟ ಹುಡುಗನ ತಂಗಿ ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಸೊರಗಿಸುವ ನರದ ಕಾಯಿಲೆಯಿಂದ ಎಳವೆಯಲ್ಲೇ ತೀರಿಕೊಂಡಿದ್ದಾಳೆ. ‘ಎರಡೂ ಮನೆಯಲ್ಲಿ ಆನುವಂಶಿಕ ಕಾಯಿಲೆ ಇರುವುದರಿಂದ ಮಕ್ಕಳಿಗೆ ಅಪಾಯ ಇಮ್ಮಡಿ, ಸಂಬಂಧ ಬೇಡ’ ಎಂದು ಉತ್ತರ ಬಂದಿತ್ತು. ಈ ಲೆಕ್ಕ ತಪ್ಪು. ಇದಕ್ಕೆ ಉಲ್ಟಾ ಮಾತನ್ನೂ ಆಸ್ಪತ್ರೆಯ ಪಡಸಾಲೆಗಳಲ್ಲಿ ಕೇಳುತ್ತೇವೆ: ‘ಕಾಯಿಲೆ ಬೇರೆ ಬೇರೆ ಅಲ್ಲವಾ, ಏನೂ ಆಗೂದಿಲ್ಲ ಬಿಡಿ.’ ಅದೂ ಪೂರ್ತಿ ಸರಿಯಲ್ಲ. ಎರಡರ ನಡುವೆ ಸರಿಯಾದ ಮಾತು ಯಾವುದು ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ, ಸ್ಥಳ ಕೊಡಬೇಕಾಗಿ ವಿನಂತಿ.

ತಲಸ್ಸೀಮಿಯಾ, ಕೆಂಪುಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್, ಎಸ್‌ಎಂಎ, ಆನುವಂಶಿಕ ಹುಟ್ಟುಗಿವುಡಿನ ಬಹುಪಾಲು, ಮೈಕೂದಲಿಗೆ ಬಣ್ಣ ಬಾರದ ಆಲ್ಬಿನಿಸಂ ಇವೆಲ್ಲ ರಿಸೆಸಿವ್ ಜಾತಿಯವು, ಅಂದರೆ ಜೀನಿನ ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವಂಥವು. ಅಡಿಕೆ ತೋಟ ಇದ್ದವರಿಗೆ ಹೀಗೆ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಒಂದೊಂದು ಜೀನೂ ಒಂದೊಂದು ತೋಟ. ಪ್ರತಿ ತೋಟಕ್ಕೂ ಎರಡು ಪಂಪ್‌ಸೆಟ್, ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಒಂದು ಕೆಟ್ಟರೂ ಇನ್ನೊಂದು ನೀರೆತ್ತುತ್ತದೆ, ಮರ ಒಣಗುವುದಿಲ್ಲ. ಹೀಗೆ ಒಂದು ಪಂಪು ಕೆಟ್ಟಿದ್ದೂ ತೋಟ ಹಸಿರಾಗಿರುವವರನ್ನೇ ವಾಹಕರು, ಕ್ಯಾರಿಯರ್ ಎನ್ನುವುದು. ಒಂದೇ ತೋಟದ ಎರಡೂ ಪಂಪು ಕೆಟ್ಟಾಗ ಮಾತ್ರ ಕಾಯಿಲೆ. ಗಂಡನಿಗೆ ಮೇಲಿನ ತೋಟದ ಒಂದು ಪಂಪು, ಹೆಂಡತಿಗೆ ಕೆಳಗಿನ ತೋಟದ ಒಂದು ಪಂಪು ಕೆಟ್ಟಿದೆ ಎನ್ನಿ. ಮಗುವಿಗೆ ಎರಡೂ ಕೆಟ್ಟವೇ ಬಂದರೂ ಮೇಲಿನ ತೋಟಕ್ಕೆ ಅಮ್ಮ ಕೊಟ್ಟ ಪಂಪು ಇದೆ, ಕೆಳಗಿನದಕ್ಕೆ ಅಪ್ಪ ಕೊಟ್ಟದ್ದು ಇದೆ. ಎರಡೂ ಕಡೆ ನೀರು ಹರಿಯುತ್ತದೆ.

ಅಂಕಿಯಲ್ಲಿ ಹೇಳುವುದಾದರೆ, ಅಪ್ಪ ಒಂದು ಕಾಯಿಲೆಯ ವಾಹಕ, ಅಮ್ಮ ಬೇರೆ ಜೀನಿನ ಬೇರೆ ಕಾಯಿಲೆಯ ವಾಹಕಿ. ಪ್ರತಿ ಬಸಿರಿನಲ್ಲೂ ಮಗು ಎರಡಕ್ಕೂ ವಾಹಕವಾಗುವ ಸಾಧ್ಯತೆ ನೂರಕ್ಕೆ 25, ಅಪ್ಪನದಕ್ಕೆ ಮಾತ್ರ ವಾಹಕವಾಗುವುದು 25, ಅಮ್ಮನದಕ್ಕೆ ಮಾತ್ರ 25, ಯಾವುದೂ ಇಲ್ಲದಿರುವುದು 25. ಕಾಯಿಲೆ ಬೀಳುವ ಪಾಲು ಸೊನ್ನೆ. ‘ನಾಲ್ಕರಲ್ಲಿ ಒಂದು’ ಎಂಬ ಎಲ್ಲರೂ ಕೇಳಿದ ಅಂಕಿ ಇಬ್ಬರೂ ಒಂದೇ ಜೀನಿನ ವಾಹಕರಾದಾಗಿನದು. ಅಲ್ಲಿ 25 ಕಾಯಿಲೆ, 50 ವಾಹಕ, 25 ಯಾವುದೂ ಇಲ್ಲ. ಅದನ್ನೂ ಜನ ತಪ್ಪಾಗಿಯೇ ಓದುತ್ತಾರೆ. ಮೊದಲನೆಯದಕ್ಕೆ ಬಂತು, ಇನ್ನು ಮೂರು ಸುರಕ್ಷಿತ ಎಂದು ಎರಡನೆಯದಕ್ಕೆ ಪರೀಕ್ಷೆಯನ್ನೇ ಮಾಡಿಸದವರಿದ್ದಾರೆ. ಚೌಕಾಬಾರದ ಕವಡೆಗೆ ಹಿಂದಿನ ಎಸೆತ ನೆನಪಿರುವುದಿಲ್ಲ. ಒಂದೇ ಜೀನಿನ ವಾಹಕ ದಂಪತಿಗೆ ಎರಡು ಮಕ್ಕಳಾದರೆ ಒಬ್ಬರಿಗಾದರೂ ಕಾಯಿಲೆ ಇರುವ ಸಾಧ್ಯತೆ 16ರಲ್ಲಿ 7.

ಇನ್ನು ಆ ಯುವತಿಯ ಲೆಕ್ಕ. ಅವರು ತಲಸ್ಸೀಮಿಯಾ ವಾಹಕಿ ಎಂಬುದು ಖಚಿತ. ಹುಡುಗ ಎಸ್‌ಎಂಎ ವಾಹಕ ಹೌದೋ ಅಲ್ಲವೋ ಗೊತ್ತಿಲ್ಲ. ತಂಗಿಗೆ ಕಾಯಿಲೆ ಇದ್ದು ತಾನು ಆರೋಗ್ಯವಾಗಿರುವ ಅಣ್ಣ ವಾಹಕನಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅರ್ಧ ಅಲ್ಲವೇ ಎಂದು ಕೇಳುವವರಿಗೆ: ಆ ತಂದೆತಾಯಿಯ ಮಕ್ಕಳ ನಾಲ್ಕು ಪಾಲಿನಲ್ಲಿ ಕಾಯಿಲೆಯ ಪಾಲು ಅವನದಲ್ಲ ಎಂದು ಆಗಲೇ ಗೊತ್ತು. ಉಳಿದ ಮೂರರಲ್ಲಿ ಎರಡು ವಾಹಕ. ಆದರೆ ಮಗುವಿಗೆ ಎಸ್‌ಎಂಎ ಬರಬೇಕಾದರೆ ಹುಡುಗಿಯೂ ಅದೇ ಜೀನಿನ ವಾಹಕಿಯಾಗಿರಬೇಕು. ಸಾಮಾನ್ಯ ಜನರಲ್ಲಿ ಸುಮಾರು 50ರಲ್ಲಿ ಒಬ್ಬರು ಹಾಗಿರುತ್ತಾರೆ. 2/3 ಗುಣಿಸು 1/50 ಗುಣಿಸು 1/4, ಅಂದರೆ 300ರಲ್ಲಿ ಒಂದು. ತಲಸ್ಸೀಮಿಯಾದ ಕಡೆ ಬನ್ನಿ. ನಮ್ಮ ದೇಶದಲ್ಲಿ ಬೀಟಾ ತಲಸ್ಸೀಮಿಯಾ (ಆಲ್ಫಾ ಎಂಬ ಇನ್ನೊಂದು ಜಾತಿಯ ಮಾತು ಮುಂದೆ ಬರುತ್ತದೆ) ವಾಹಕರು ನೂರಕ್ಕೆ 3–4. ಹುಡುಗನನ್ನು 30ರಲ್ಲಿ ಒಂದು ಎಂದು ಹಿಡಿದರೆ 1/30 ಗುಣಿಸು 1/4, ಅಂದರೆ 120ರಲ್ಲಿ ಒಂದು. ಗಮನಿಸಿ, ಮನೆಯವರೆಲ್ಲ ಹೆದರಿದ್ದು ಸತ್ತ ತಂಗಿಯ ಕಾಯಿಲೆಗೆ. ಪರೀಕ್ಷೆ ಮಾಡಿಸದೆ ಮದುವೆಯಾದರೆ ಅದಕ್ಕಿಂತ ಹೆಚ್ಚಿನ ಅಪಾಯ ಇರುವುದು ಯಾರೂ ಎಣಿಸದ ಕಡೆ, ಹುಡುಗನ ರಕ್ತದಲ್ಲಿ ತಲಸ್ಸೀಮಿಯಾ ಇದೆಯೋ ಇಲ್ಲವೋ ಎಂಬಲ್ಲಿ.

ಹಾಗಾಗಿ ಮಾಡಬೇಕಾದ ಪರೀಕ್ಷೆ ಅದಲುಬದಲು. ಹುಡುಗಿಯ ಕಾಯಿಲೆಗೆ ಹುಡುಗನನ್ನು, ಹುಡುಗನ ಮನೆಯ ಕಾಯಿಲೆಗೆ ಹುಡುಗಿಯನ್ನು ಪರೀಕ್ಷಿಸಬೇಕು. ಬಹಳ ಸಲ ಆಗುವುದು ಬೇರೆ. ಹುಡುಗಿಗೆ ತಲಸ್ಸೀಮಿಯಾ ಇದೆ ಎಂದು ಅವಳದೇ ರಕ್ತ ಮೂರು ಕಡೆ ಮೂರು ಸಲ ಪರೀಕ್ಷೆಯಾಗುತ್ತದೆ, ಹುಡುಗನ ಬೆರಳಿಗೆ ಸೂಜಿಯೂ ಮುಟ್ಟಿರುವುದಿಲ್ಲ. ಈ ಯುವತಿಯ ವಿಷಯದಲ್ಲಿ ಹುಡುಗನಿಗೆ ರಕ್ತಕಣ ಎಣಿಸುವ ಸಿಬಿಸಿ ಮತ್ತು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ, ಹುಡುಗಿಗೆ ಎಸ್‌ಎಂಎಗೆ ಕಾರಣವಾಗುವ ಎಸ್‌ಎಂಎನ್1 ಜೀನಿನ ಪ್ರತಿ ಎಷ್ಟಿದೆ ಎಂದು ಎಣಿಸುವ ಎಂಎಲ್‌ಪಿಎ ಪರೀಕ್ಷೆ. ಎರಡೂ ನಿರಾಳ ಬಂದರೆ ಮದುವೆಗೆ ಈ ಕಾರಣದ ಅಡ್ಡಿ ಇಲ್ಲ. ಒಂದು ಎಚ್ಚರಿಕೆ ಮಾತ್ರ. ಕೆಲವರಲ್ಲಿ ಎಸ್‌ಎಂಎನ್1ರ ಎರಡೂ ಪ್ರತಿ ಒಂದೇ ವರ್ಣತಂತುವಿನ ಮೇಲೆ ಕೂತು, ಇನ್ನೊಂದು ಖಾಲಿ ಇರುತ್ತದೆ. ಎಣಿಸಿದರೆ ಎರಡು ಎಂದೇ ಸಿಗುತ್ತದೆ, ಆದರೂ ಅವರು ವಾಹಕರು. ಹಾಗಾಗಿ 50ರಲ್ಲಿ ಒಂದಿದ್ದದ್ದು ನೂರಾರರಲ್ಲಿ ಒಂದಕ್ಕೆ ಇಳಿಯುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ವರದಿಯಲ್ಲಿ ‘ಉಳಿಕೆ ಅಪಾಯ’ ಎಂದು ಬರೆಯುವುದು ಇದನ್ನೇ.

ಈಗ ನಿಜವಾದ ಬಿಕ್ಕಟ್ಟಿಗೆ ಬರೋಣ. ಹೆಸರು ಬೇರೆ, ತೋಟ ಒಂದೇ ಆಗಿರುವ ಜೋಡಿಗಳಿವೆ. ಒಂದು ಪಂಪಿನ ಮೋಟಾರು ಸುಟ್ಟಿದೆ, ಇನ್ನೊಂದರ ಇಂಪೆಲ್ಲರ್ ಮುರಿದಿದೆ. ರಿಪೇರಿಯವನ ಚೀಟಿಯಲ್ಲಿ ಎರಡು ಬೇರೆ ದೋಷ, ತೋಟಕ್ಕೆ ಮಾತ್ರ ನೀರಿಲ್ಲ. ಸಿಕಲ್ ಸೆಲ್ ಮತ್ತು ಬೀಟಾ ತಲಸ್ಸೀಮಿಯಾ ಇಂಥ ಜೋಡಿ. ಎರಡೂ 11ನೇ ವರ್ಣತಂತುವಿನ ಎಚ್‌ಬಿಬಿ ಜೀನಿನ ದೋಷಗಳೇ. ಗಂಡ ತಲಸ್ಸೀಮಿಯಾ ವಾಹಕ, ಹೆಂಡತಿ ಸಿಕಲ್ ವಾಹಕಿ ಆದರೆ ಪ್ರತಿ ಬಸಿರಿನಲ್ಲೂ 25 ಪಾಲು ಸಿಕಲ್–ಬೀಟಾ ತಲಸ್ಸೀಮಿಯಾ ಎಂಬ ಕಾಯಿಲೆ. ತಲಸ್ಸೀಮಿಯಾ ದೋಷ ಜೀನನ್ನು ಪೂರ್ತಿ ನಿಲ್ಲಿಸುವ ಜಾತಿಯದಾದರೆ ಮಗುವಿನ ಪಾಡು ಪೂರ್ಣ ಸಿಕಲ್ ರೋಗಿಯದರಂತೆಯೇ: ಕೈಕಾಲು ನೋವಿನ ಸೆಳೆತ, ಗುಲ್ಮದ ತೊಂದರೆ, ಸೋಂಕು. ಅಲ್ಪಸ್ವಲ್ಪ ಕೆಲಸ ಮಾಡುವ ಜಾತಿಯದಾದರೆ ಕಡಿಮೆ. ಒಬ್ಬರಿಗೆ ಸಿಕಲ್ ಕಾಯಿಲೆಯೇ ಇದ್ದು ಇನ್ನೊಬ್ಬರು ತಲಸ್ಸೀಮಿಯಾ ವಾಹಕರಾದರೆ 25 ಅಲ್ಲ, 50. ಪೂರ್ವ ಭಾರತದಲ್ಲಿ ಹೆಚ್ಚಿರುವ ಹಿಮೋಗ್ಲೋಬಿನ್ ಇ ಎಂಬ ಬದಲಾದ ಹಿಮೋಗ್ಲೋಬಿನ್ ಕೂಡ ಇದೇ ಜೀನಿನ ದೋಷ. ಇ ವಾಹಕರಿಗೆ ಏನೂ ತೊಂದರೆ ಇಲ್ಲ, ಆದರೆ ಇ ಜತೆ ಬೀಟಾ ತಲಸ್ಸೀಮಿಯಾ ಕೂಡಿದ ಮಗುವಿಗೆ ರಕ್ತ ಏರಿಸುವ ಸ್ಥಿತಿ ಬರಬಹುದು. ಹಿಮೋಗ್ಲೋಬಿನ್ ಡಿ–ಪಂಜಾಬ್ ಎಂಬ ಇನ್ನೊಂದು ಬಗೆ ಸಿಕಲ್ ಜತೆ ಸೇರಿದರೂ ಮಗುವಿಗೆ ಸಿಕಲ್ ಕಾಯಿಲೆಯೇ ಆಗುತ್ತದೆ. ಕಾರವಾರದ ನೌಕಾನೆಲೆ, ಕೈಗಾ, ರೈಲ್ವೆ ಎಂದು ದೇಶದ ಮೂಲೆಮೂಲೆಯಿಂದ ಜನ ಬಂದು ನೆಲೆಸಿರುವ ಜಿಲ್ಲೆ ನಮ್ಮ ಉತ್ತರ ಕನ್ನಡ. ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎನ್ನುವ ಮಾತಿಗೆ ಬೆಲೆ ಇಲ್ಲ.

ಆಲ್ಫಾ ತಲಸ್ಸೀಮಿಯಾ ಮಾತ್ರ 16ನೇ ವರ್ಣತಂತುವಿನದು, ಬೇರೆ ತೋಟ. ಒಬ್ಬರು ಆಲ್ಫಾ, ಇನ್ನೊಬ್ಬರು ಬೀಟಾ ವಾಹಕರಾದರೆ ಮಗುವಿಗೆ ತಲಸ್ಸೀಮಿಯಾ ಮೇಜರ್, ಅಂದರೆ ಎರಡೂ ಪಂಪು ಕೆಟ್ಟಾಗಿನ ಪೂರ್ಣ ಕಾಯಿಲೆ, ಬರುವುದಿಲ್ಲ. ಇಲ್ಲಿ ಹೆಸರು ಒಂದೇ ಇದ್ದು ಜೀನ್ ಬೇರೆ ಎಂಬುದನ್ನು ನೋಡಿ. ಒಂದು ಸಣ್ಣ ಅಪವಾದವೂ ಉಂಟು: ಆಲ್ಫಾ ಜೀನು ಕಡಿಮೆಯಾಗುವ ಬದಲು ಒಂದು ಹೆಚ್ಚಾಗಿದ್ದು, ಜತೆಗೆ ಬೀಟಾ ದೋಷ ಒಂದು ಬಂದರೆ, ಬರೀ ವಾಹಕನಾಗಿರಬೇಕಾದವನಿಗೆ ಮಧ್ಯಮ ತೆರನ ರಕ್ತಹೀನತೆ ಬರಬಹುದು.

ರಕ್ತದ ಆಚೆಗೂ ಇಂಥ ಜೋಡಿಗಳಿವೆ. ವೀರ್ಯನಾಳವೇ ಹುಟ್ಟಿನಿಂದ ಬೆಳೆದಿಲ್ಲ ಎಂದು ಗೊತ್ತಾಗಿ ಟೆಸ್ಟ್‌ಟ್ಯೂಬ್ ಕೇಂದ್ರಕ್ಕೆ ಹೋಗುವ ಗಂಡಸರಲ್ಲಿ ಹಲವರಿಗೆ ಸಿಎಫ್‌ಟಿಆರ್ ಜೀನಿನ ದೋಷ ಇರುತ್ತದೆ. ಶ್ವಾಸಕೋಶ ಹಾಳುಮಾಡುವ ಸಿಸ್ಟಿಕ್ ಫೈಬ್ರೋಸಿಸ್ ಜೀನೂ ಅದೇ. ಸೂಜಿಯಿಂದ ವೀರ್ಯಾಣು ತೆಗೆದು ಬಸಿರು ಮಾಡುವ ಮೊದಲು ಹೆಂಡತಿಯ ಸಿಎಫ್‌ಟಿಆರ್ ನೋಡಬೇಕು. ಅದೂ ಯುರೋಪಿನವರಿಗೆಂದು ಮಾಡಿದ ಹತ್ತಿಪ್ಪತ್ತು ದೋಷಗಳ ಪಟ್ಟಿಯಲ್ಲಲ್ಲ, ಇಡೀ ಜೀನನ್ನು ಓದಿಸಬೇಕು. ಅಲ್ಲಿ ಹೆಚ್ಚಾಗಿರುವ ಎಫ್508 ದೋಷ ನಮ್ಮವರಲ್ಲಿ ಅಷ್ಟು ಕಾಣುವುದಿಲ್ಲ, ಆ ಪಟ್ಟಿಯಲ್ಲಿ ನಮ್ಮ ದೋಷಗಳು ತಪ್ಪಿಹೋಗುತ್ತವೆ.

ಕಿವುಡು ಇದರ ಉಲ್ಟಾ ಕಥೆ. ಹೆಸರು ಒಂದೇ, ಜೀನ್ ನೂರಕ್ಕೂ ಮೇಲೆ. ಕಿವುಡ ಹುಡುಗ, ಕಿವುಡ ಹುಡುಗಿ ಪರಸ್ಪರ ಮೆಚ್ಚಿ ಮದುವೆಯಾಗುವುದು ಸಹಜ, ಸನ್ನೆ ಭಾಷೆ ಇಬ್ಬರಿಗೂ ಒಂದೇ. ಇಬ್ಬರದೂ ಕನೆಕ್ಸಿನ್ 26, ಅಂದರೆ ಜಿಜೆಬಿ2 ಜೀನಿನ ಕಿವುಡಾದರೆ ಎಲ್ಲ ಮಕ್ಕಳೂ ಕಿವುಡರೇ ಆಗುತ್ತಾರೆ. ಒಬ್ಬರದು ಜಿಜೆಬಿ2, ಇನ್ನೊಬ್ಬರದು ಬೇರೆ ಜೀನಿನ ರಿಸೆಸಿವ್ ಕಿವುಡಾದರೆ ಎಲ್ಲ ಮಕ್ಕಳಿಗೂ ಕಿವಿ ಕೇಳುತ್ತದೆ, ಎಲ್ಲರೂ ಎರಡಕ್ಕೂ ವಾಹಕರು. ಒಬ್ಬರ ಕಿವುಡು ತಾಯಿಯ ಬಸಿರಿನಲ್ಲಿ ರುಬೆಲ್ಲಾ ತಗಲಿ ಬಂದದ್ದಾದರೆ ಅದು ಮಕ್ಕಳಿಗೆ ದಾಟುವ ಮಾತೇ ಇಲ್ಲ. ಕಿವುಡರಿಗೆ ಕಿವುಡರೇ ಹುಟ್ಟುತ್ತಾರೆ ಎಂದು ಊರಿನವರು ಹೇಳುವುದು ಎಷ್ಟು ಪೊಳ್ಳು ಎಂಬುದಕ್ಕೆ ಇಷ್ಟು ಸಾಕು. ಆಲ್ಬಿನಿಸಂನಲ್ಲೂ ಹೀಗೆಯೇ, ಅದು ಇರುವ ದಂಪತಿಗೆ ಸಹಜ ಬಣ್ಣದ ಮಕ್ಕಳು ಹುಟ್ಟಿದ್ದು ವೈದ್ಯಕೀಯ ಸಾಹಿತ್ಯದಲ್ಲಿ 1952ರಲ್ಲೇ ದಾಖಲಾಗಿದೆ. ತಾಯಿಯ ಶೀಲ ಶಂಕಿಸುವ ಮೊದಲು ಇಂಥದ್ದು ಗೊತ್ತಿರಬೇಕು. ಜಿಜೆಬಿ2ರಲ್ಲಿ ಒಬ್ಬರಿಂದ ಬಂದ ದೋಷ, ಅದರ ಪಕ್ಕದ ಜಿಜೆಬಿ6 ಜೀನಿನಲ್ಲಿ ಇನ್ನೊಬ್ಬರಿಂದ ಬಂದ, ತುಂಡು ಬಿಟ್ಟುಹೋದ ದೋಷ, ಎರಡೂ ಸೇರಿಯೂ ಕಿವುಡು ಬರುವುದುಂಟು. ಅಪರೂಪದ ಸಂಗತಿ, ಆದರೆ ‘ಬೇರೆ ಜೀನಾದರೆ ಸೊನ್ನೆ’ ಎಂಬ ನಿಯಮಕ್ಕೂ ಅಂಚು ಇದೆ ಎಂದು ತೋರಿಸುತ್ತದೆ.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಸ್ನಾಯು ಸವೆಯುವ ಡುಶೆನ್, ಕೆಲವು ಔಷಧಕ್ಕೆ ಕೆಂಪುಕಣ ಒಡೆಯುವ ಜಿ6ಪಿಡಿ ಕೊರತೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಎಕ್ಸ್ ವರ್ಣತಂತುವಿನವು, ಅಮ್ಮ ಒಬ್ಬಳು ವಾಹಕಿಯಾದರೂ ಗಂಡುಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಗೋತ್ರದ ಬಗ್ಗೆ ಒಂದು ಮಾತು. ಗೋತ್ರ ಬೇರೆ ಎಂದರೆ ರಕ್ತ ಬೇರೆ ಎಂದು ನಂಬಿದವರು ಬಹಳ. ಗೋತ್ರ ಎಣಿಸುವುದು ಅಪ್ಪನ, ಅವನ ಅಪ್ಪನ ಸಾಲನ್ನು ಮಾತ್ರ. ಸೋದರಮಾವನ ಮಗಳ ಗೋತ್ರ ಬೇರೆಯೇ, ಆದರೂ ಅವಳ ಮತ್ತು ಅತ್ತೆಯ ಮಗನ ನಡುವೆ ಎಂಟನೆಯ ಒಂದು ಪಾಲು ಜೀನ್ ಒಂದೇ ಮೂಲದ್ದು. ಸೋದರಮಾವ–ಸೊಸೆ ಮದುವೆಯಲ್ಲಿ ನಾಲ್ಕನೆಯ ಒಂದು ಪಾಲು. ಒಬ್ಬನ ತಮ್ಮ ರಿಸೆಸಿವ್ ಕಾಯಿಲೆಯಿಂದ ತೀರಿಕೊಂಡಿದ್ದಾನೆ ಎನ್ನಿ. ಅವನು ವಾಹಕನಾಗಿರುವುದು 2/3. ಅವನ ಅಕ್ಕನೂ 2/3, ಅಕ್ಕನ ಮಗಳು 1/3. ಅವಳನ್ನೇ ಮದುವೆಯಾದರೆ 2/3 ಗುಣಿಸು 1/3 ಗುಣಿಸು 1/4, ಅಂದರೆ 18ರಲ್ಲಿ ಒಂದು. ಹೊರಗಿನ ಹುಡುಗಿಯಾದರೆ, ಎಸ್‌ಎಂಎ ಲೆಕ್ಕದಲ್ಲಿ ನೋಡಿದೆವಲ್ಲ, 300ರಲ್ಲಿ ಒಂದು. ಸಣ್ಣ ಸಮುದಾಯದ ಒಳಗೇ ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದಲ್ಲಿ ನೆಂಟಸ್ತಿಕೆ ನೆನಪಿಲ್ಲದಿದ್ದರೂ ಜೀನು ನೆನಪಿಟ್ಟುಕೊಂಡಿರುತ್ತದೆ. ಆಂಧ್ರ–ತೆಲಂಗಾಣದ ವೈಶ್ಯರಲ್ಲಿ ಅರಿವಳಿಕೆಯ ಒಂದು ಔಷಧ ಕರಗದೆ ಉಸಿರು ಬೇಗ ಮರಳದಿರುವ ದೋಷ ಹೆಚ್ಚಾಗಿರುವುದು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಯಾರ ಜಾತಿಯನ್ನೂ ಹೀಗಳೆಯುವ ಮಾತಲ್ಲ ಇದು. ಇಂಥ ಒಂದಲ್ಲ ಒಂದು ಗಂಟು ಎಲ್ಲ ಮುಚ್ಚಿದ ಸಮುದಾಯಗಳಲ್ಲೂ ಇರುತ್ತದೆ.

ಹತ್ತಿರದ ಸಂಬಂಧದಲ್ಲಿ ಇಬ್ಬರೂ ಎರಡೆರಡು ಕಾಯಿಲೆಗೆ ವಾಹಕರಾಗುವುದೂ ಉಂಟು. ಆಗ ಲೆಕ್ಕ 16 ಪಾಲಿನದು. ಮೊದಲನೆಯದು ಮಾತ್ರ ಬರುವುದು 3, ಎರಡನೆಯದು ಮಾತ್ರ 3, ಎರಡೂ ಬರುವುದು 1, ಯಾವುದೂ ಬಾರದಿರುವುದು 9. ಒಟ್ಟು 16ರಲ್ಲಿ 7. ಕೆಲವರು 25ಕ್ಕೆ 25 ಕೂಡಿಸಿ 50 ಎನ್ನುತ್ತಾರೆ. ಎರಡೂ ಬಂದ ಮಗುವನ್ನು ಎರಡು ಸಲ ಎಣಿಸಿದರೆ ಹಾಗಾಗುತ್ತದೆ.

ಇನ್ನು ಪ್ರಯೋಗಾಲಯದ ಮಾತು. ಎಲ್ಲಿ ಎಡವುತ್ತೇವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆಯ ಗುರಿ, 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬುಡಕಟ್ಟು ಪ್ರದೇಶಗಳೇ ಇದರ ಮುಖ್ಯ ನೆಲೆ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಹಾಡಿಗಳಿಗೆ ಇದು ನೇರವಾಗಿ ಸಂಬಂಧಿಸಿದ ಯೋಜನೆ. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಶಿಬಿರದಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆಯ ಮಿತಿ ತಿಳಿದಿರಬೇಕು. ರಕ್ತದ ಹನಿ ದ್ರಾವಣದಲ್ಲಿ ಕದಡಿ, ಕೊಳವೆಯ ಹಿಂದಿನ ಗೆರೆ ಕಾಣದಿದ್ದರೆ ಪಾಸಿಟಿವ್. ವಾಹಕನಿಗೂ ಪಾಸಿಟಿವ್, ರೋಗಿಗೂ ಪಾಸಿಟಿವ್. ಅದು ಬೇರ್ಪಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ತಲಸ್ಸೀಮಿಯಾ ವಾಹಕನ ರಕ್ತ ಅದರಲ್ಲಿ ನೆಗೆಟಿವ್. ಹೆಂಡತಿ ಸಿಕಲ್ ವಾಹಕಿ, ಗಂಡನ ಚೀಟಿಯಲ್ಲಿ ‘ಸಿಕಲ್ ನೆಗೆಟಿವ್’ ಎಂದಿದೆ. ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಗಂಡ ತಲಸ್ಸೀಮಿಯಾ ವಾಹಕನಾಗಿದ್ದರೆ ಮಗುವಿಗೆ ಆರು ತಿಂಗಳು ತುಂಬಿ, ಹುಟ್ಟಿನಿಂದ ಕಾಪಾಡಿದ ಭ್ರೂಣದ ಹಿಮೋಗ್ಲೋಬಿನ್ ಇಳಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಸಿಕಲ್ ಮತ್ತು ತಲಸ್ಸೀಮಿಯಾ ಎರಡೂ ಚಳಿಜ್ವರದ ಸೀಮೆಯಲ್ಲಿ ಉಳಿದು ಬೆಳೆದ ದೋಷಗಳು, ವಾಹಕರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಇತ್ತು. ಆದ್ದರಿಂದ ಎರಡೂ ಒಂದೇ ಊರಲ್ಲಿ ಸಿಕ್ಕುವುದು ಆಶ್ಚರ್ಯವಲ್ಲ.

ಒಂದು ಜೋಡಿ ವರದಿಯನ್ನು ಉದಾಹರಣೆಗೆ ಓದೋಣ. ಗಂಡನದು: ಹಿಮೋಗ್ಲೋಬಿನ್ 13.1, ಕೆಂಪುಕಣ 62 ಲಕ್ಷ, ಎಂಸಿವಿ (ಕಣದ ಗಾತ್ರ) 66, ಎಂಸಿಎಚ್ (ಕಣವೊಂದರಲ್ಲಿರುವ ಹಿಮೋಗ್ಲೋಬಿನ್) 21.1, ಎ2 ಎಂಬ ಬಗೆಯ ಹಿಮೋಗ್ಲೋಬಿನ್ ನೂರಕ್ಕೆ 5.4. ಹೆಂಡತಿಯದು: ಹಿಮೋಗ್ಲೋಬಿನ್ 11.2, ಎಂಸಿವಿ 83, ಎ2 3.3, ಎಸ್ ಅಂದರೆ ಸಿಕಲ್ ಹಿಮೋಗ್ಲೋಬಿನ್ 36. ಗಂಡನ ಹಿಮೋಗ್ಲೋಬಿನ್ 13 ದಾಟಿದೆ, ಹಾಗಾಗಿ ‘ನಾರ್ಮಲ್’ ಎಂದು ಮಡಚಿಡುವ ವರದಿ ಅದು. ಆದರೆ ಕಣ ಸಣ್ಣದು, ಸಂಖ್ಯೆ ಜಾಸ್ತಿ. ಎಂಸಿವಿ 66ನ್ನು ಕೆಂಪುಕಣದ ಸಂಖ್ಯೆ 6.2ರಿಂದ (62 ಲಕ್ಷವನ್ನು ದಶಲಕ್ಷದಲ್ಲಿ ಬರೆದರೆ) ಭಾಗಿಸಿದರೆ 10.6. ಇದು 13ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆಗಿಂತ ತಲಸ್ಸೀಮಿಯಾದ ಗುಮಾನಿ ಜಾಸ್ತಿ. ಎ2 4ಕ್ಕೆ ಮೇಲಿರುವುದು ಅದನ್ನು ಖಾತ್ರಿ ಮಾಡುತ್ತದೆ. ಹೆಂಡತಿಯ ಎಸ್ 36 ಅಂದರೆ ವಾಹಕಿ. ವಾಹಕರಲ್ಲಿ ಎಸ್ ಸಾಮಾನ್ಯವಾಗಿ 35–40, ಸಹಜ ಎ ಅದಕ್ಕಿಂತ ಹೆಚ್ಚು. ರಕ್ತ ಏರಿಸದವರಲ್ಲಿ ಎಸ್ ಹೆಚ್ಚಾಗಿ ಎ ಕಡಿಮೆಯಾಗಿದ್ದರೆ ಅವರು ವಾಹಕರಲ್ಲ, ಸಿಕಲ್–ಬೀಟಾ ರೋಗಿಗಳಿರಬಹುದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ವರದಿ ಆರೋಗ್ಯವಂತರದೇ. ಪಕ್ಕಪಕ್ಕ ಇಟ್ಟರೆ ಮಾತ್ರ 25 ಪಾಲಿನ ಅಪಾಯ ಕಾಣುತ್ತದೆ. ಎ2 ಹತ್ತಕ್ಕಿಂತ ಮೇಲೆ ಹೋದರೆ ಅದು ಎ2 ಅಲ್ಲ, ಯಂತ್ರದಲ್ಲಿ ಅದೇ ಜಾಗದಲ್ಲಿ ಇಳಿಯುವ ಹಿಮೋಗ್ಲೋಬಿನ್ ಇ ಇರಬಹುದು.

3.5ರಿಂದ 3.9ರ ನಡುವಿನ ಎ2 ಅಂಚಿನದು. ಕಬ್ಬಿಣ ಕಡಿಮೆ ಇದ್ದರೆ ಎ2 ಇಳಿದು ತಲಸ್ಸೀಮಿಯಾ ಮರೆಯಾಗುತ್ತದೆ, ಬಿ12 ಕಡಿಮೆ ಇದ್ದರೆ ಎ2 ಏರಿ ಇಲ್ಲದ ತಲಸ್ಸೀಮಿಯಾ ಇದ್ದಂತೆ ಕಾಣಬಹುದು. ಅಂಥವರಿಗೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿ, ಕೊರತೆ ಇದ್ದರೆ ಮೂರು ತಿಂಗಳು ಮಾತ್ರೆ ಕೊಟ್ಟು ಮತ್ತೆ ಎಚ್‌ಪಿಎಲ್‌ಸಿ ಮಾಡಬೇಕು. ಬಸಿರಿಯಾದರೆ ಕಾಯುವಂತಿಲ್ಲ, ನೇರ ಜೀನ್ ಪರೀಕ್ಷೆ. ರಕ್ತ ಏರಿಸಿಕೊಂಡವರು ಮೂರು ತಿಂಗಳು ಬಿಡಬೇಕು, ಇಲ್ಲದಿದ್ದರೆ ಪರೀಕ್ಷೆಯಾಗುವುದು ದಾನಿಯ ರಕ್ತ. ಮಾದರಿ 2 ಮಿಲಿ, ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ. ಕೊಳವೆಯನ್ನು ಎಂಟು ಹತ್ತು ಸಲ ನಿಧಾನಕ್ಕೆ ಬೋರಲು ಮಾಡಬೇಕು, ಕುಲುಕಬಾರದು. ಘಟ್ಟ ಹತ್ತಿಸಿ ಹುಬ್ಬಳ್ಳಿಗೋ ಹೊನ್ನಾವರದಿಂದ ಮಣಿಪಾಲಕ್ಕೋ ಕಳಿಸುವಾಗ 2–8 ಡಿಗ್ರಿ ತಂಪು ಸಾಕು. ಐಸ್ ಗಡ್ಡೆಗೆ ನೇರ ತಾಗಿಸಿದರೆ ಕಣ ಒಡೆದು ಎಲ್ಲ ಹಾಳು. ಹಸಿರು ಮುಚ್ಚಳದ ಹೆಪಾರಿನ್ ಕೊಳವೆಯಲ್ಲಿ ಕಳಿಸಿದ ರಕ್ತದಿಂದ ಜೀನ್ ಪರೀಕ್ಷೆ ಸರಿಯಾಗಿ ಆಗುವುದಿಲ್ಲ, ಜೀನಿನ ತುಣುಕನ್ನು ನಕಲು ಮಾಡುವ ಪಿಸಿಆರ್‌ಗೆ ಹೆಪಾರಿನ್ ಅಡ್ಡಿ. ಈ ಒಂದು ಮುಚ್ಚಳದ ಬಣ್ಣಕ್ಕಾಗಿ ಎರಡು ವಾರ ಕಳೆದುಹೋಗುತ್ತವೆ, ಬಸಿರಿನಲ್ಲಿ ಎರಡು ವಾರ ಬಹಳ ದೊಡ್ಡದು.

ಏಕೆಂದರೆ ಕ್ಯಾಲೆಂಡರ್ ಹೀಗಿದೆ. ಮುಟ್ಟು ನಿಂತು ಮೊದಲ ಸಲ ಬಂದಾಗ, 6–8 ವಾರಕ್ಕೆ, ಹೆಂಡತಿಯ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ. ಗಂಡನದೂ ಅದೇ ದಿನ. ಹೆಂಡತಿಯ ವರದಿ ಬಂದ ಮೇಲೆ ನೋಡೋಣ ಎಂದರೆ ಅವನು ಟ್ರಾಲರ್ ಹತ್ತಿರುತ್ತಾನೆ, ಇಲ್ಲ ಗೋವಾಕ್ಕೋ ದುಬೈಗೋ ಹೋಗಿರುತ್ತಾನೆ. ಅಲ್ಲಿದ್ದರೆ ಅಲ್ಲೇ ಮಾಡಿಸಿ ವರದಿಯನ್ನು ಮೊಬೈಲಿನಲ್ಲಿ ಕಳಿಸಲಿ. ಇಬ್ಬರೂ ಒಂದೇ ಜೀನಿನ ವಾಹಕರು ಎಂದಾದರೆ ಇಬ್ಬರ ದೋಷ ಯಾವುದೆಂದು ಹೆಸರಿಸುವ ಜೀನ್ ಪರೀಕ್ಷೆ ಮೊದಲಾಗಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬೀಟಾ ದೋಷ ಐವಿಎಸ್ 1–5. ಅದು ಗೊತ್ತಿಲ್ಲದೆ ಮಾಸಿನ ಚೂರು ತೆಗೆದರೆ ಏನು ಹುಡುಕಬೇಕೆಂದೇ ತಿಳಿಯುವುದಿಲ್ಲ. ಮಾಸಿನ ಚೂರು ತೆಗೆಯುವ ಸಿವಿಎಸ್ 11–13 ವಾರಕ್ಕೆ, ಗರ್ಭನೀರು ತೆಗೆಯುವುದು 16 ವಾರದಿಂದ. ಎರಡರಿಂದಲೂ ಬಸಿರು ಹೋಗುವ ಹೆಚ್ಚಿನ ಅಪಾಯ ನುರಿತ ಕೈಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇಂಥ ಕಾಯಿಲೆಯ ಪತ್ತೆಗೆ ಅನುಮತಿ ಕೊಡುತ್ತದೆ. ಬಸಿರಿಯ ಒಪ್ಪಿಗೆ ಅವಳ ಭಾಷೆಯಲ್ಲಿ, ಬರಹದಲ್ಲಿ ಬೇಕು, ಗಂಡೋ ಹೆಣ್ಣೋ ಹೇಳುವಂತಿಲ್ಲ. ಮುಂದೇನು ಎಂಬುದು ಆ ದಂಪತಿಗೆ ಬಿಟ್ಟದ್ದು. ಬಸಿರು ತೆಗೆಸುವುದಾದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ, ಕೆಲವು ವರ್ಗದವರಿಗೆ 24ರವರೆಗೆ ಇಬ್ಬರ ಅಭಿಪ್ರಾಯ ಬೇಕು. ಅದರಾಚೆ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಬಸಿರು ಮುಂದುವರಿಸುವ ದಂಪತಿ ಹುಟ್ಟಿದ ಕೂಡಲೇ ಮಗುವಿನ ಪರೀಕ್ಷೆ, ಸಿಕಲ್ ಆದರೆ ಪೆನಿಸಿಲಿನ್, ನ್ಯುಮೋಕಾಕಲ್ ಲಸಿಕೆ, ಮುಂದೆ ಹೈಡ್ರಾಕ್ಸಿಯೂರಿಯಾ ಎಂದು ಸಜ್ಜಾಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ತಲಸ್ಸೀಮಿಯಾ, ಸಿಕಲ್ ಸೆಲ್ ಎರಡೂ ಸೇರಿವೆ ಎಂಬುದೂ ತಿಳಿದಿರಲಿ.

ಬೆಂಗಳೂರು, ಮುಂಬೈಯಲ್ಲಿ ಕೆಲಸಕ್ಕಿರುವ ಮಕ್ಕಳು ಮದುವೆಗೆ ಮೊದಲು ನೂರಾರು ಜೀನನ್ನು ಒಟ್ಟಿಗೆ ನೋಡುವ ಪ್ಯಾನೆಲ್ ಪರೀಕ್ಷೆ ಮಾಡಿಸಿ, ಊರಿಗೆ ಬಂದು ಹಿರಿಯರ ಮುಂದೆ ವರದಿ ಬಿಚ್ಚುವುದು ಈಚೆಗೆ ಹೆಚ್ಚಾಗಿದೆ. ಅದರಲ್ಲಿ ‘ವಾಹಕ’ ಎಂಬ ಸಾಲು ಕಂಡ ಕೂಡಲೇ ಮಾತು ಮುರಿಯುವ ಮೊದಲು ಒಂದು ವಿಷಯ: ನೂರಾರು ಜೀನ್ ನೋಡಿದರೆ ಬಹುಪಾಲು ಜನರಲ್ಲಿ ಒಂದೋ ಎರಡೋ ಸಿಕ್ಕೇ ಸಿಗುತ್ತದೆ. ಬೇರೆ ಬೇರೆ ಕಾಯಿಲೆಯ ವಾಹಕರ ಜೋಡಿ ಎಂದರೆ ನಮ್ಮ ನಿಮ್ಮ ಮನೆಯ ಹೆಚ್ಚುಕಡಿಮೆ ಎಲ್ಲ ಗಂಡಹೆಂಡಿರೂ. ಪರೀಕ್ಷೆ ಮಾಡಿಸಿದವರಿಗೆ ಗೊತ್ತಾಯಿತು, ಉಳಿದವರಿಗೆ ಗೊತ್ತಾಗಲಿಲ್ಲ, ಅಷ್ಟೇ ವ್ಯತ್ಯಾಸ. ಹುಡುಗಿಯ ವರದಿಯಲ್ಲಿ ಇದ್ದರೆ ದೋಷ, ಹುಡುಗನದರಲ್ಲಿ ಇದ್ದರೆ ‘ಇರಲಿ ಬಿಡಿ’ ಎನ್ನುವ ಮಾತಿಗೆ ಜೀವಶಾಸ್ತ್ರದ ಆಧಾರ ಇಲ್ಲ. ಎರಡು ವರದಿಯಲ್ಲೂ ಹುಡುಕಬೇಕಾದ್ದು ಜೀನಿನ ಹೆಸರಿನ ಅಂಕಣ. ಒಂದೇ ಹೆಸರು ಎರಡರಲ್ಲೂ ಇದೆಯೇ? ಇಲ್ಲದಿದ್ದರೆ, ಮತ್ತು ಹುಡುಗಿಯದು ಎಕ್ಸ್ ವರ್ಣತಂತುವಿನ ಜೀನ್ ಅಲ್ಲದಿದ್ದರೆ, ಮುಂದಿನ ಸಾಲಿಗೆ ಹೋಗಿ. ‘ಅನಿಶ್ಚಿತ ಮಹತ್ವದ’ ಎಂದು ಬರೆದ ಬದಲಾವಣೆಯ ಮೇಲೆ ಮದುವೆಯನ್ನಾಗಲಿ ಬಸಿರನ್ನಾಗಲಿ ನಿರ್ಧರಿಸಬೇಡಿ. ಪ್ಯಾನೆಲ್ ಮಾಡಿಸಿದೆವು ಎಂದು ಎಚ್‌ಪಿಎಲ್‌ಸಿ ಬಿಡುವುದೂ ತಪ್ಪು, ಎಸ್‌ಎಂಎನ್1ರ ಪ್ರತಿ ಎಣಿಕೆ ಪ್ಯಾನೆಲಿನಲ್ಲಿ ಸೇರಿದೆಯೇ ಎಂದು ಕೇಳದಿರುವುದೂ ತಪ್ಪು.

ಸಮಾಲೋಚನೆಗೆ ಹೋಗುವಾಗ ಮನೆಯಿಂದಲೇ ಮೂರು ತಲೆಮಾರಿನ ನಕ್ಷೆ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರದು ತುಂಬಿದ ಗುರುತು, ಸಂಬಂಧದೊಳಗಿನ ಮದುವೆಗೆ ಜೋಡಿಗೆರೆ. ಎಳವೆಯಲ್ಲಿ ತೀರಿಕೊಂಡ ಶಿಶುಗಳನ್ನೂ ಬರೆಯಿರಿ, ಅಜ್ಜಿಯರಿಗೆ ಮಾತ್ರ ಗೊತ್ತಿರುವುದು ಅದೇ. ರೋಗಿ ಬದುಕಿದ್ದಾಗಲೇ ಅವರ ಜೀನ್ ಪರೀಕ್ಷೆಯಾಗಿದ್ದರೆ ಆ ವರದಿಯ ಮೂಲಪ್ರತಿ ಒಯ್ಯಿರಿ. ‘ತಂಗಿಗೆ ನರದ ಕಾಯಿಲೆ ಇತ್ತು’ ಎಂಬ ಮಾತಿನಿಂದ ಯಾರೂ ಏನೂ ಪರೀಕ್ಷಿಸಲಾರರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೂಗಿ ಕೂಗಿ ಗಂಟಲು ಬತ್ತಿಸಿಕೊಂಡಿದ್ದಾರೆ. ಅದು ಬರುವವರೆಗೂ ಒಂದು ಎಚ್‌ಪಿಎಲ್‌ಸಿ ಯಂತ್ರ, ವಾರಕ್ಕೊಮ್ಮೆ ಕೂರುವ ಒಬ್ಬ ಸಮಾಲೋಚಕರು, ಇಷ್ಟು ಘಟ್ಟದ ಮೇಲೊಂದು ಕಡೆ, ಕರಾವಳಿಯಲ್ಲೊಂದು ಕಡೆ ಆದರೆ ಸಾಕಿತ್ತು.

ಆರೋಗ್ಯ ಇಲಾಖೆಯವರಲ್ಲಿ ಒಂದು ಬೇಡಿಕೆ: ಸಿಕಲ್ ಶಿಬಿರದ ಚೀಟಿಯಲ್ಲಿ ‘ನೆಗೆಟಿವ್’ ಎಂಬುದರ ಕೆಳಗೆ ‘ತಲಸ್ಸೀಮಿಯಾ ಪರೀಕ್ಷೆಯಾಗಿಲ್ಲ’ ಎಂದು ಅಚ್ಚು ಹಾಕಿಸಿ, ವಾಹಕರ ಸಂಗಾತಿಗೆ ಸಾಲ್ಯುಬಿಲಿಟಿ ಬದಲು ನೇರ ಎಚ್‌ಪಿಎಲ್‌ಸಿ ಮಾಡಿಸಿ. ತಮ್ಮಲ್ಲಿ ಕೇಳುವುದು ಇಷ್ಟೇ. ಅಂಕಣದ ಮುಂದಿನ ಕಂತಿನಲ್ಲಿ ಆ ಯುವತಿಗೆ ಕೊಟ್ಟ ಉತ್ತರ ತಿದ್ದಿ, ಹುಡುಗನಿಗೆ ಎಚ್‌ಪಿಎಲ್‌ಸಿ, ತನಗೆ ಎಸ್‌ಎಂಎನ್1 ಪರೀಕ್ಷೆ ಮಾಡಿಸಲು ತಿಳಿಸಿ. ನಿಶ್ಚಯದ ಮಾತು ಅಷ್ಟರೊಳಗೆ ಮುರಿದಿರದಿದ್ದರೆ ಅದರಿಂದ ಉಪಯೋಗವಾದೀತು.

ಇಂತಿ,
ಜಿಲ್ಲೆಯ ಕೆಲವು ಪ್ರಯೋಗಾಲಯ ತಂತ್ರಜ್ಞರು ಮತ್ತು ಆಪ್ತಸಮಾಲೋಚಕರು,
ಶಿರಸಿ–ಕಾರವಾರ